ಕ್ಲಚ್ಚು ಕೈಕೊಟ್ಟಾಗ

ಮೋಟಾರು ಸೈಕಲ್ಲಿನ ಎಡಗೈ ಹಿಡಿಯ ಮುಂದಿರುವ ಲಿವರನ್ನು ಊರೊಳಗಿನ ಟಾರು ರಸ್ತೆಯಲ್ಲಿ ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಗೇರು ಬದಲಿಸುವಾಗ ಒತ್ತುವುದು, ಬದಲಿಸಿದ ಮೇಲೆ ಬಿಡುವುದು. ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಆದರೆ ರಸ್ತೆ ಮುಗಿದು ಕಲ್ಲು, ಕೆಸರು, ಮರಳು, ಕಡಿದಾದ ಏರು ಇವು ಎದುರಾದಾಗ ಮಾತೇ ಬೇರೆ. ಅಲ್ಲಿ ಸವಾರನ ಎರಡು ಬೆರಳುಗಳು ಆ ಲಿವರಿನ ಮೇಲೆಯೇ ಇರುತ್ತವೆ. ಚಕ್ರಕ್ಕೆ ಎಷ್ಟು ಶಕ್ತಿ ಹೋಗಬೇಕು, ಯಾವ ಕ್ಷಣದಲ್ಲಿ ನಿಲ್ಲಬೇಕು ಎಂಬುದನ್ನು ಆ ಬೆರಳುಗಳೇ ತೀರ್ಮಾನಿಸುತ್ತವೆ. ಅಂಥ ಜಾಗದಲ್ಲಿ ಲಿವರು ಇದ್ದಕ್ಕಿದ್ದಂತೆ ಸತ್ವವಿಲ್ಲದೆ ಹಿಡಿಯವರೆಗೂ ಬಂದು ಅಂಟಿಕೊಂಡರೆ ಏನು ಮಾಡಬೇಕು? ಈ ದಿನದ ಮಾತು ಅದನ್ನು ಕುರಿತದ್ದು.

ಕ್ಲಚ್ಚು ಎಂದರೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ನಿಂತ ಮಧ್ಯಸ್ಥ. ಒಂದರ ಪಕ್ಕದಲ್ಲೊಂದು ಜೋಡಿಸಿದ ಹಲವು ಪ್ಲೇಟುಗಳು ಅದರಲ್ಲಿವೆ. ಬಲವಾದ ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುವ ತನಕ ಎಂಜಿನ್ನಿನ ತಿರುಗಾಟ ಚಕ್ರಕ್ಕೆ ಸಾಗುತ್ತದೆ. ಲಿವರನ್ನು ಒತ್ತಿದಾಗ ಆ ಹಿಡಿತ ಸಡಿಲುತ್ತದೆ. ಎಂಜಿನ್ನು ತಿರುಗುತ್ತಿದ್ದರೂ ಚಕ್ರ ಸುಮ್ಮನಿರುತ್ತದೆ. ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಮೋಟಾರು ಸೈಕಲ್ಲುಗಳಲ್ಲಿ ಲಿವರಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವುದು ಒಂದು ಉಕ್ಕಿನ ಕೇಬಲ್ಲು. ಕಾಡುಮೇಡುಗಳಿಗೆಂದೇ ಕಟ್ಟಿದ ಅನೇಕ ವಾಹನಗಳಲ್ಲಿ ಕೇಬಲ್ಲಿನ ಬದಲು ದ್ರವ ಆ ಕೆಲಸವನ್ನು ಮಾಡುತ್ತದೆ. ಇದನ್ನೇ ಹೈಡ್ರಾಲಿಕ್ ಕ್ಲಚ್ಚು ಎನ್ನುತ್ತಾರೆ.

ಇದರ ತತ್ವ ಹಳೆಯದು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ವಿವರಿಸಿದನು. ಅವನು ತೀರಿಕೊಂಡದ್ದು 1662ರಲ್ಲಿ. ದ್ರವಗಳ ಸಮತೋಲವನ್ನು ಕುರಿತ ಅವನ ಗ್ರಂಥ ಅಚ್ಚಾದದ್ದು ಮರುವರ್ಷ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಇದೇ ತತ್ವದ ಮೇಲೆ ಹೈಡ್ರಾಲಿಕ್ ಪ್ರೆಸ್ಸನ್ನು ರಚಿಸಿ ಪೇಟೆಂಟು ಪಡೆದನು. ನಮ್ಮ ಕ್ಲಚ್ಚಿನಲ್ಲಿರುವುದು ಆ ಪ್ರೆಸ್ಸಿನ ಮರಿ ಎನ್ನಬಹುದು.

ಇದರ ಅಂಗಗಳು ಹೆಚ್ಚೇನೂ ಇಲ್ಲ. ಲಿವರಿನ ಬುಡದಲ್ಲಿ ಒಂದು ಸಣ್ಣ ಸಿಲಿಂಡರು. ಗ್ಯಾರೇಜಿನವರು ಇದನ್ನು ಮಾಸ್ಟರ್ ಸಿಲಿಂಡರು ಎನ್ನುತ್ತಾರೆ. ಅದರ ತಲೆಯ ಮೇಲೆ ದ್ರವ ತುಂಬಿದ ಬಟ್ಟಲು. ಅಲ್ಲಿಂದ ಕೆಳಕ್ಕೆ ಒಂದು ಹೋಸು. ಆ ಹೋಸಿನ ತುದಿಯಲ್ಲಿ, ಎಂಜಿನ್ನಿಗೆ ಅಂಟಿಕೊಂಡಂತೆ, ಇನ್ನೊಂದು ಸಿಲಿಂಡರು. ಇದು ಸ್ಲೇವ್ ಸಿಲಿಂಡರು. ಇವನ್ನು ನಾವು ಮೇಲಿನ ಸಿಲಿಂಡರು, ಕೆಳಗಿನ ಸಿಲಿಂಡರು ಎಂದೇ ಕರೆಯೋಣ. ಮೇಲಿನ ಪಿಸ್ಟನ್ನು ದ್ರವವನ್ನು ಒತ್ತುತ್ತದೆ. ದ್ರವ ಕೆಳಗಿನ ಪಿಸ್ಟನ್ನನ್ನು ಒತ್ತುತ್ತದೆ. ಆ ಪಿಸ್ಟನ್ನು ಒಂದು ಕಡ್ಡಿಯ ಮೂಲಕ ಪ್ಲೇಟುಗಳ ಹಿಡಿತವನ್ನು ಸಡಿಲಿಸುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಮೇಲಿನ ಪಿಸ್ಟನ್ನಿನ ವ್ಯಾಸ 10 ಮಿಲಿಮೀಟರು, ಕೆಳಗಿನದು 30 ಮಿಲಿಮೀಟರು ಎಂದಿಟ್ಟುಕೊಳ್ಳಿ. ಕೆಳಗಿನದರ ಮುಖ ಒಂಬತ್ತು ಪಟ್ಟು ವಿಶಾಲವಾಯಿತು. ಆದ್ದರಿಂದ ಬೆರಳಿನ ಬಲ ಒಂಬತ್ತು ಪಟ್ಟಾಗುತ್ತದೆ. ಆದರೆ ಮೇಲಿನ ಪಿಸ್ಟನ್ನು 10 ಮಿಲಿಮೀಟರು ಸರಿದರೆ ಕೆಳಗಿನದು ಸರಿಯುವುದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಈ ಕೆಲಸದಲ್ಲಿ ಹೋಸಿನೊಳಗೆ ಮುಂದಕ್ಕೆ ಸಾಗುವ ದ್ರವ ಒಂದು ಮಿಲಿಲೀಟರಿಗಿಂತ ಕಡಿಮೆ. ಕಾಲು ಚಮಚದಷ್ಟೂ ಇಲ್ಲ. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ ಎಂಬ ಗುಣದ ಮೇಲೆ ಈ ವ್ಯವಸ್ಥೆಯೆಲ್ಲ ನಿಂತಿದೆ. ಗಾಳಿಗೆ ಆ ಗುಣವಿಲ್ಲ; ಒತ್ತಿದರೆ ಕುಗ್ಗಿಬಿಡುತ್ತದೆ. ಹೋಸಿನೊಳಗೆ ನಾಲ್ಕು ಹನಿಯಷ್ಟು ಗಾಳಿ ಸೇರಿದರೆ ಸಾಕು, ಲಿವರಿನ ಓಟದಲ್ಲಿ ಸುಮಾರು ಕಾಲುಭಾಗ ಆ ಗಾಳಿಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ಕ್ಲಚ್ಚು ಪೂರ್ತಿ ಬಿಡುವುದಿಲ್ಲ. ಇಷ್ಟು ಕಡಿಮೆ ದ್ರವದಲ್ಲಿ ಇಷ್ಟು ದೊಡ್ಡ ಕೆಲಸ ನಡೆಯುವುದರಿಂದಲೇ ಇಲ್ಲಿ ಸಣ್ಣ ದೋಷವೂ ದೊಡ್ಡದಾಗಿ ಕಾಣುತ್ತದೆ.

ಇನ್ನು ದೋಷವನ್ನು ಹುಡುಕುವ ಕ್ರಮಕ್ಕೆ ಬರೋಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ನಮ್ಮಲ್ಲಿದೆ. ಕ್ಲಚ್ಚಿನ ರಿಪೇರಿಯಲ್ಲಿ ಈ ಗಾದೆ ದಿನದಿನವೂ ನಿಜವಾಗುತ್ತಿರುತ್ತದೆ. ಲಿವರು ಮೆತ್ತಗಾಯಿತೆಂದು ಎಂಜಿನ್ನಿನ ಪಕ್ಕವನ್ನು ಬಿಚ್ಚಿ, ಚೆನ್ನಾಗಿದ್ದ ಪ್ಲೇಟುಗಳನ್ನು ತೆಗೆದುಹಾಕಿ, ಹೊಸವನ್ನು ಕೂರಿಸಿ, ಬಿಲ್ಲು ಕೊಟ್ಟು ಬಂದ ಮೇಲೂ ಲಿವರು ಮೆತ್ತಗೇ ಇರುವುದುಂಟು. ಸ್ಪ್ಯಾನರು ಹಿಡಿಯುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಈ ನಷ್ಟ ತಪ್ಪುತ್ತದೆ.

ಮೊದಲನೆಯ ಪ್ರಶ್ನೆ: ಕ್ಲಚ್ಚು ಬಿಡುತ್ತಿಲ್ಲವೋ, ಹಿಡಿಯುತ್ತಿಲ್ಲವೋ? ಇವೆರಡೂ ಬೇರೆಬೇರೆ ರೋಗಗಳು. ಲಿವರನ್ನು ಪೂರ್ತಿ ಒತ್ತಿದರೂ ವಾಹನ ಮುಂದಕ್ಕೆ ತೆವಳುತ್ತಿದ್ದರೆ, ಗೇರು ಬೀಳದೆ ಕಟಕಟ ಎನ್ನುತ್ತಿದ್ದರೆ, ನಿಂತಲ್ಲಿ ನ್ಯೂಟ್ರಲ್ಲು ಸಿಕ್ಕದಿದ್ದರೆ ಅದು ಬಿಡುತ್ತಿಲ್ಲ. ಲಿವರನ್ನು ಬಿಟ್ಟಿದ್ದರೂ ಏರಿನಲ್ಲಿ ಎಂಜಿನ್ನು ಮಾತ್ರ ಗರ್ಜಿಸಿ ವಾಹನ ವೇಗ ಹಿಡಿಯದಿದ್ದರೆ ಅದು ಹಿಡಿಯುತ್ತಿಲ್ಲ, ಜಾರುತ್ತಿದೆ. ‘ಕ್ಲಚ್ಚು ಹೋಗಿದೆ’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಹೇಳಿಬಿಟ್ಟರೆ ಮೆಕ್ಯಾನಿಕ್ಕು ದಾರಿ ತಪ್ಪುವುದು ಸಹಜ.

ಎರಡನೆಯ ಪ್ರಶ್ನೆ: ಬಟ್ಟಲಿನಲ್ಲಿ ದ್ರವದ ಮಟ್ಟ ಏನಾಗಿದೆ? ಇಲ್ಲಿ ಒಂದು ವಿಚಿತ್ರವುಂಟು. ಬ್ರೇಕಿನ ಪ್ಯಾಡು ಸವೆದಂತೆಲ್ಲ ಬ್ರೇಕಿನ ಬಟ್ಟಲಿನಲ್ಲಿ ದ್ರವ ಇಳಿಯುತ್ತದೆ. ಇದು ಬಹಳ ಮಂದಿಗೆ ಗೊತ್ತು. ಕ್ಲಚ್ಚಿನಲ್ಲಿ ಇದು ತಿರುವುಮುರುವು. ಪ್ಲೇಟುಗಳು ಸವೆದು ತೆಳ್ಳಗಾದಂತೆ ಕಡ್ಡಿ ತುಸು ಹಿಂದಕ್ಕೆ ಸರಿಯುತ್ತದೆ. ಅದು ಕೆಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಅಲ್ಲಿದ್ದ ದ್ರವ ಮೇಲಕ್ಕೇರಿ ಬಟ್ಟಲನ್ನು ಸೇರುತ್ತದೆ. ಕೇಬಲ್ಲಿನ ಕ್ಲಚ್ಚಿನಂತೆ ಪದೇ ಪದೇ ಬಿಗಿ ಸರಿಪಡಿಸುವ ಕೆಲಸ ಇಲ್ಲಿ ಇಲ್ಲದಿರುವುದು ಈ ಕಾರಣದಿಂದಲೇ. ಆದ್ದರಿಂದ ಕ್ಲಚ್ಚಿನ ಬಟ್ಟಲಿನ ಮಟ್ಟಿಗೆ ಸೂತ್ರವೊಂದನ್ನು ನೆನಪಿಟ್ಟರೆ ಸಾಕು: ಏರಿದರೆ ಸವೆತ, ಇಳಿದರೆ ಸೋರಿಕೆ. ದ್ರವ ಇಳಿದಿರುವುದನ್ನು ಕಂಡು ‘ಪ್ಲೇಟು ಸವೆದಿರಬೇಕು, ತುಂಬಿಸಿದರಾಯಿತು’ ಎಂದುಕೊಳ್ಳುವವನು ಬ್ರೇಕಿನ ಪಾಠವನ್ನು ಕ್ಲಚ್ಚಿಗೆ ಹಚ್ಚುತ್ತಿದ್ದಾನೆ.

ಈಗ ಬಿಡದ ಕ್ಲಚ್ಚನ್ನು ನೋಡೋಣ. ಮೊದಲು ಕಣ್ಣಿಗೆ ಕಾಣುವುದನ್ನು ನೋಡಬೇಕು. ವಾಹನ ಬಿದ್ದಿತ್ತೆ? ಲಿವರು ಬಾಗಿದೆಯೆ? ಲಿವರಿನ ಬುಡದಲ್ಲಿ ಪಿಸ್ಟನ್ನನ್ನು ತಳ್ಳುವ ಕಡ್ಡಿ ಅಥವಾ ತಿರುಪು ಸವೆದು ಸಡಿಲವಾಗಿದೆಯೆ? ಅಲ್ಲಿ ಒಂದೆರಡು ಮಿಲಿಮೀಟರು ವ್ಯರ್ಥವಾದರೂ ಕೆಳಗೆ ಕೊರತೆ ಬೀಳುತ್ತದೆ. ಬಳಿಕ ಒಬ್ಬರು ಲಿವರನ್ನು ಒತ್ತುತ್ತಿರುವಾಗ ಇನ್ನೊಬ್ಬರು ಹೋಸಿನ ಮೇಲೆ ಕೈಯಿಟ್ಟು ನೋಡಲಿ. ಹಳೆಯ ರಬ್ಬರು ಹೋಸು ಒತ್ತಡಕ್ಕೆ ಉಬ್ಬುವುದುಂಟು. ಉಬ್ಬಿದಷ್ಟೂ ಒತ್ತಡ ಕೆಳಗೆ ತಲಪದೆ ನಷ್ಟವಾಗುತ್ತದೆ.

ಆಮೇಲೆ ಲಿವರನ್ನೇ ಮಾತನಾಡಿಸಬೇಕು. ನಾಲ್ಕೈದು ಸಲ ಬೇಗಬೇಗನೆ ಒತ್ತಿ ಬಿಡಿ. ಪ್ರತಿ ಸಲವೂ ಲಿವರು ಗಟ್ಟಿಯಾಗುತ್ತ ಬಂದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮೆತ್ತಗಾದರೆ ಒಳಗೆ ಗಾಳಿ ಇದೆ. ಲಿವರನ್ನು ಒತ್ತಿ ಹಾಗೆಯೇ ಹಿಡಿದಿರುವಾಗ ಅದು ಮೆಲ್ಲಗೆ ಹಿಡಿಯ ಕಡೆಗೆ ಕುಸಿಯುತ್ತ ಹೋದರೆ ಯಾವುದೋ ಸೀಲು ದ್ರವವನ್ನು ತಡೆಯಲಾರದೆ ಬಿಟ್ಟುಕೊಡುತ್ತಿದೆ. ಆಗ ಬಟ್ಟಲನ್ನು ನೋಡಿ. ಮಟ್ಟ ಇಳಿಯದೆ ಲಿವರು ಮಾತ್ರ ಕುಸಿಯುತ್ತಿದ್ದರೆ ಮೇಲಿನ ಸಿಲಿಂಡರಿನ ಸೀಲನ್ನು ಸಂಶಯಿಸಬೇಕು. ದ್ರವ ಅಲ್ಲಿಯೇ ಪಿಸ್ಟನ್ನನ್ನು ದಾಟಿ ಹಿಂದಕ್ಕೆ ಬರುತ್ತಿರುತ್ತದೆ. ಮಟ್ಟ ದಿನೇ ದಿನೇ ಇಳಿಯುತ್ತಿದ್ದರೆ ಬಹುತೇಕ ಕೆಳಗಿನ ಸಿಲಿಂಡರು. ದೋಷ ಎಂಜಿನ್ನು ಕಾದಾಗ ಮಾತ್ರ ಕಾಣಿಸಿಕೊಂಡು, ಆರಿದ ಮೇಲೆ ಮಾಯವಾಗುತ್ತಿದ್ದರೆ ದ್ರವದಲ್ಲಿ ನೀರು ಸೇರಿರಬಹುದು. ಅದರ ವಿಚಾರ ಮುಂದೆ ಹೇಳುತ್ತೇನೆ. ಇನ್ನು ಲಿವರು ಗಟ್ಟಿಯಾಗಿಯೇ ಇದ್ದು, ಪೂರ್ತಿ ಓಟ ಕೊಡುತ್ತಿದ್ದು, ಆದರೂ ಕ್ಲಚ್ಚು ಬಿಡದಿದ್ದರೆ ದ್ರವವನ್ನು ದೂರಬೇಕಾಗಿಲ್ಲ. ಉಕ್ಕಿನ ಪ್ಲೇಟು ಬಾಗಿರಬಹುದು, ಇಲ್ಲವೆ ಪ್ಲೇಟುಗಳು ಕೂರುವ ಬುಟ್ಟಿಯ ಗಾಡಿಗಳಲ್ಲಿ ಕಚ್ಚು ಬಿದ್ದಿರಬಹುದು. ಆಗ ಮಾತ್ರ ಎಂಜಿನ್ನಿನ ಪಕ್ಕವನ್ನು ಬಿಚ್ಚುವುದು ನ್ಯಾಯ. ತೆಗೆದ ಪ್ಲೇಟನ್ನು ದಪ್ಪನೆಯ ಗಾಜಿನ ಮೇಲಿಟ್ಟರೆ ಬಾಗು ಇದೆಯೋ ಇಲ್ಲವೋ ತಾನೇ ತಿಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗಾಳಿ ತಾನಾಗಿ ಒಳಗೆ ಹುಟ್ಟುವುದಿಲ್ಲ. ಗಾಳಿಯನ್ನು ತೆಗೆದ ಮೇಲೆ ಲಿವರು ಎರಡು ದಿನ ಚೆನ್ನಾಗಿದ್ದು ಮೂರನೆಯ ದಿನ ಮತ್ತೆ ಮೆತ್ತಗಾಯಿತೆನ್ನಿ. ಮತ್ತೆ ಗಾಳಿ ತೆಗೆಯುತ್ತಾರೆ. ಮತ್ತೆ ಎರಡು ದಿನ. ‘ಗಾಳಿ ಸರಿಯಾಗಿ ತೆಗೆದಿಲ್ಲ’ ಎಂದು ಬೈಸಿಕೊಳ್ಳುವವನು ಮೆಕ್ಯಾನಿಕ್ಕು. ನಿಜವಾಗಿ ಅವನು ತೆಗೆದದ್ದು ಸರಿಯಾಗಿಯೇ ಇರುತ್ತದೆ. ಎಲ್ಲಿಯೋ ದ್ರವ ಹೊರಗೆ ಹೋಗುವ ದಾರಿ ಇದೆ. ಆ ದಾರಿಯಿಂದಲೇ ಗಾಳಿ ಒಳಗೆ ಬರುತ್ತಿದೆ. ಆದ್ದರಿಂದ ಗಾಳಿ ಮತ್ತೆ ಸೇರಿತೆಂದರೆ ಸೋರುವ ಜಾಗವನ್ನು ಹುಡುಕಬೇಕೇ ಹೊರತು ಮತ್ತೆ ಗಾಳಿ ತೆಗೆಯುತ್ತ ಕೂರಬಾರದು.

ಸೋರುವ ಜಾಗ ಸಾಮಾನ್ಯವಾಗಿ ಎಲ್ಲಿ? ಅನೇಕ ವಾಹನಗಳಲ್ಲಿ ಕೆಳಗಿನ ಸಿಲಿಂಡರು ಎಡಮಗ್ಗುಲಲ್ಲಿ, ಸರಪಳಿಯ ಮುಂದಿನ ಹಲ್ಲುಚಕ್ರದ ಪಕ್ಕದಲ್ಲೇ ಕೂತಿರುತ್ತದೆ. ಸರಪಳಿ ಎರಚುವ ಕೆಸರು, ಮರಳು, ಎಣ್ಣೆಯ ಜಿಡ್ಡು ಎಲ್ಲವೂ ಅಲ್ಲಿಗೇ ಸೇರುವುದು. ಎಂಜಿನ್ನಿನ ಕಾವು ಬೇರೆ. ಹಲ್ಲುಚಕ್ರದ ಮುಚ್ಚಳವನ್ನು ತೆಗೆದು ಆ ಜಾಗವನ್ನು ಬಟ್ಟೆಯಿಂದ ಒರೆಸಿ ನೋಡಿ. ಸಿಲಿಂಡರಿನ ಸುತ್ತ ತೇವವಿದ್ದರೆ ಕಳ್ಳ ಸಿಕ್ಕಿದನು. ಕೆಲವು ಸಲ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಆದರೂ ಬಟ್ಟಲು ಬರಿದಾಗುತ್ತಿರುತ್ತದೆ. ಆಗ ದ್ರವ ಕಡ್ಡಿಯ ದಾರಿ ಹಿಡಿದು ಒಳಗಡೆಗೆ, ಎಂಜಿನ್ ಆಯಿಲಿನೊಳಕ್ಕೆ ಹೋಗುತ್ತಿರಬಹುದು. ನೆಲದ ಮೇಲೆ ಹನಿ ಬಿದ್ದಿಲ್ಲವೆಂದು ಸೋರಿಕೆಯೇ ಇಲ್ಲವೆಂದುಕೊಳ್ಳಬಾರದು.

ಕೆಳಗಿನ ಸಿಲಿಂಡರನ್ನು ಬಿಚ್ಚಿದ ಮೇಲೆ ಅಪ್ಪಿತಪ್ಪಿಯೂ ಲಿವರನ್ನು ಒತ್ತಬಾರದು. ತಡೆಯುವುದಕ್ಕೆ ಏನೂ ಇಲ್ಲದ್ದರಿಂದ ಪಿಸ್ಟನ್ನು ಹೊರಕ್ಕೆ ಹಾರುತ್ತದೆ. ಸೀಲನ್ನು ತೆಗೆದು, ಸಿಲಿಂಡರಿನ ಒಳಗೋಡೆಯ ಮೇಲೆ ಉಗುರನ್ನು ಆಡಿಸಿ ನೋಡಿ. ಉಗುರು ಎಲ್ಲಿಯೂ ತಡೆಯದಿದ್ದರೆ ಹೊಸ ಸೀಲೊಂದೇ ಸಾಕು. ಗೀರು ಸಿಕ್ಕಿದರೆ ಹೊಸ ಸೀಲೂ ಬಹುದಿನ ಬಾಳದು, ಸಿಲಿಂಡರನ್ನೇ ಬದಲಿಸಬೇಕು.

ಇನ್ನು ಹಿಡಿಯದೆ ಜಾರುವ ಕ್ಲಚ್ಚು. ಇಲ್ಲಿ ಪ್ಲೇಟುಗಳ ಸವೆತವೇ ಮೊದಲ ಗುಮಾನಿ ಎಂಬುದು ನಿಜ. ಬಟ್ಟಲಿನ ಮಟ್ಟ ಏರಿದ್ದರೆ ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಆದರೆ ಪ್ಲೇಟು ಚೆನ್ನಾಗಿದ್ದೂ ಕ್ಲಚ್ಚು ಜಾರಬಹುದು. ಮೇಲಿನ ಸಿಲಿಂಡರಿಗೂ ಬಟ್ಟಲಿಗೂ ನಡುವೆ ಸೂಜಿಯ ಮೊನೆಯಷ್ಟು ಸಣ್ಣ ರಂಧ್ರವೊಂದು ಇರುತ್ತದೆ. ಲಿವರನ್ನು ಬಿಟ್ಟಾಗ ಈ ರಂಧ್ರ ತೆರೆದಿರಬೇಕು. ಎಂಜಿನ್ನಿನ ಕಾವಿಗೆ ಹಿಗ್ಗಿದ ದ್ರವ ಇದರ ಮೂಲಕ ಬಟ್ಟಲಿಗೆ ಹಿಂದಿರುಗುತ್ತದೆ. ಕೊಳೆ ಕೂತು ರಂಧ್ರ ಮುಚ್ಚಿದರೆ ಹಿಗ್ಗಿದ ದ್ರವಕ್ಕೆ ಹೋಗಲು ಜಾಗವಿಲ್ಲ; ಅದು ಪಿಸ್ಟನ್ನನ್ನು ತಾನೇ ಒತ್ತುತ್ತದೆ. ಸವಾರನ ಕೈ ಲಿವರಿನ ಮೇಲಿಲ್ಲ, ಆದರೂ ಯಾರೋ ಅರ್ಧ ಒತ್ತಿ ಹಿಡಿದಂತೆ ಕ್ಲಚ್ಚು ಸಡಿಲವಾಗಿರುತ್ತದೆ. ಲಿವರಿಗೆ ಆಟವೇ ಇಲ್ಲದಂತೆ ತಿರುಪನ್ನು ಬಿಗಿದರೂ ಇದೇ ಫಲ, ಏಕೆಂದರೆ ಪಿಸ್ಟನ್ನು ಪೂರ್ತಿ ಹಿಂದಕ್ಕೆ ಬಾರದೆ ರಂಧ್ರಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಲಿವರಿನ ತುದಿಯಲ್ಲಿ 3ರಿಂದ 5 ಮಿಲಿಮೀಟರಿನಷ್ಟು ಆಟ ಇರಲೇಬೇಕು ಎನ್ನುವುದು ಇದಕ್ಕಾಗಿಯೇ. ಬಟ್ಟಲನ್ನು ಅಂಚಿನವರೆಗೆ ತುಂಬಿಸುವುದೂ ತಪ್ಪು.

ಇದನ್ನು ಪರೀಕ್ಷಿಸುವುದು ಸುಲಭ. ವಾಹನ ಕಾದು ಕ್ಲಚ್ಚು ಜಾರುತ್ತಿರುವಾಗಲೇ ನಿಲ್ಲಿಸಿ, ಕೆಳಗಿನ ಸಿಲಿಂಡರಿನ ಬ್ಲೀಡರ್ ತಿರುಪಿಗೆ ಬಟ್ಟೆ ಸುತ್ತಿ, ಒಂದು ಕ್ಷಣ ಸಡಿಲಿಸಿ ಬಿಗಿಯಿರಿ. ದ್ರವ ಚಿಮ್ಮಿ ಬಂದು ಜಾರುವುದು ಅಲ್ಲಿಗೇ ನಿಂತರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು; ಪ್ಲೇಟುಗಳದು ತಪ್ಪಲ್ಲ. ಚಿಮ್ಮದಿದ್ದರೆ ಪ್ಲೇಟು, ಸ್ಪ್ರಿಂಗು, ಎಂಜಿನ್ ಆಯಿಲು ಇವನ್ನು ಕ್ರಮವಾಗಿ ನೋಡಬೇಕು. ಈ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುವಂಥವು. ಕಾರಿಗೆಂದು ಮಾಡಿದ, ಘರ್ಷಣೆಯನ್ನು ತಗ್ಗಿಸುವ ಆಯಿಲನ್ನು ಇದಕ್ಕೆ ಹಾಕಿದರೆ ಹೊಸ ಪ್ಲೇಟೂ ಜಾರಬಹುದು. ಜಪಾನಿನ ಜಾಸೋ ಸಂಸ್ಥೆ 1998ರಲ್ಲಿ ಮೋಟಾರು ಸೈಕಲ್ಲಿನ ಆಯಿಲಿಗೆಂದೇ ಒಂದು ಮಾನಕವನ್ನು ಗೊತ್ತುಮಾಡಿತು. ಡಬ್ಬದ ಮೇಲೆ ‘ಎಂಎ’ ಎಂಬ ಗುರುತಿದ್ದರೆ ಅದು ಇಂಥ ಕ್ಲಚ್ಚಿಗೆ ಹೊಂದುವುದೆಂದು ಅರ್ಥ. ‘ಎಂಬಿ’ ಎಂದಿದ್ದರೆ ಹೊಂದುವುದಿಲ್ಲ.

ಈಗ ದ್ರವದ ವಿಚಾರ. ನನ್ನ ಮಾತಿನಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು. ಹೈಡ್ರಾಲಿಕ್ ಕ್ಲಚ್ಚಿಗೆ ಹಾಕುವ ದ್ರವಗಳಲ್ಲಿ ಎರಡು ಜಾತಿ. ಒಂದು, ಬ್ರೇಕಿಗೆ ಹಾಕುವ ಡಾಟ್ 4ರಂಥ ದ್ರವ. ಇನ್ನೊಂದು, ಖನಿಜ ತೈಲ. ನೋಟಕ್ಕೆ ಎರಡೂ ಎಣ್ಣೆಯಂತೆಯೇ ಇವೆ. ಆದರೆ ಒಂದಕ್ಕಾಗಿ ಮಾಡಿದ ರಬ್ಬರಿಗೆ ಇನ್ನೊಂದು ವಿಷ. ಬ್ರೇಕ್ ದ್ರವದ ಸೀಲಿಗೆ ಖನಿಜ ತೈಲ ತಗಲಿದರೆ ಅದು ಊದಿಕೊಂಡು ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಖನಿಜ ತೈಲದ ಸೀಲಿಗೆ ಬ್ರೇಕ್ ದ್ರವ ತಗಲಿದರೂ ಅದು ಕೆಡುವುದು ಖಂಡಿತ. ಆಮೇಲೆ ದ್ರವ ಚೆಲ್ಲಿ ಸರಿಯಾದದ್ದನ್ನು ತುಂಬಿದರೆ ಸಾಲದು. ಮೇಲಿನ, ಕೆಳಗಿನ ಎಲ್ಲ ಸೀಲುಗಳನ್ನೂ ಬದಲಿಸಿ ದಾರಿಯನ್ನೆಲ್ಲ ತೊಳೆಯಬೇಕಾಗುತ್ತದೆ.

ಇದು ದೂರದ ಭಯವಲ್ಲ. ಆಸ್ಟ್ರಿಯ ದೇಶದ ಮಾಟಿಗ್‌ಹೋಫೆನ್ ಊರಿನ ಕೆಟಿಎಂ ಕಾರ್ಖಾನೆಯ 950 ಅಡ್ವೆಂಚರ್ ಎಂಬ ವಾಹನವನ್ನು ತೆಗೆದುಕೊಳ್ಳಿ. ಇದರ ರ್‍ಯಾಲಿ ರೂಪದ ಮೇಲೆ ಇಟಲಿಯ ಫ್ಯಾಬ್ರಿಜಿಯೊ ಮೆಯೋನಿ 2002ರ ಡಕಾರ್ ರ್‍ಯಾಲಿಯನ್ನು ಗೆದ್ದನು. ಮರುವರ್ಷ ಇದು ಮಾರಾಟಕ್ಕೆ ಬಂತು. ಇದರ ಬ್ರೇಕುಗಳಿಗೆ ಬೇಕಾದದ್ದು ಬ್ರೇಕ್ ದ್ರವ, ಕ್ಲಚ್ಚಿಗೆ ಬೇಕಾದದ್ದು ಖನಿಜ ತೈಲ. ಒಂದೇ ಹ್ಯಾಂಡಲಿನ ಬಲಗಡೆ ಒಂದು ಬಟ್ಟಲು, ಎಡಗಡೆ ಇನ್ನೊಂದು. ಒಳಗಿನ ದ್ರವಗಳು ಮಾತ್ರ ಶತ್ರುಗಳು. ಅದೇ ಕಾರ್ಖಾನೆಯ ಅನಂತರದ ಹಲವು ಹಗುರ ವಾಹನಗಳಲ್ಲಿ ಕ್ಲಚ್ಚಿಗೂ ಬ್ರೇಕ್ ದ್ರವವೇ. ಆದ್ದರಿಂದ ‘ಈ ಕಂಪೆನಿಯ ಗಾಡಿಗೆ ಇದು’ ಎಂಬ ರೂಢಿಯ ಮಾತು ಕೂಡದು. ಬಟ್ಟಲಿನ ಮುಚ್ಚಳದ ಮೇಲೆ ಬರೆದದ್ದನ್ನು ಓದಬೇಕು, ವಾಹನದ ಜೊತೆ ಕೊಟ್ಟ ಪುಸ್ತಕವನ್ನು ನೋಡಬೇಕು. ಹಳೆಯ ವಾಹನವನ್ನು ಕೊಂಡು, ಹಿಂದಿನವರು ಏನು ತುಂಬಿದ್ದಾರೋ ಎಂದು ಸಂಶಯವಾದರೆ ಒಂದು ಹನಿಯನ್ನು ಗಾಜಿನ ಲೋಟದ ನೀರಿಗೆ ಬಿಡಿ. ಸಾಮಾನ್ಯ ಬ್ರೇಕ್ ದ್ರವ ನೀರಿನಲ್ಲಿ ಬೆರೆತುಹೋಗುತ್ತದೆ. ಖನಿಜ ತೈಲ ತೇಲುತ್ತದೆ. ಡಾಟ್ 5 ಎಂಬ ಸಿಲಿಕೋನ್ ದ್ರವವೂ ನೀರಿನೊಡನೆ ಬೆರೆಯುವುದಿಲ್ಲವಾದ್ದರಿಂದ ಈ ಪರೀಕ್ಷೆಯ ಜೊತೆಗೆ ಪುಸ್ತಕದ ಆಧಾರವೂ ಇರಲಿ.

ಬ್ರೇಕ್ ದ್ರವ ನೀರಿನೊಡನೆ ಬೆರೆಯುತ್ತದೆ ಎಂದೆ. ಇದೇ ಅದರ ದೌರ್ಬಲ್ಯವೂ ಹೌದು. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಮಾನಕದ ಪ್ರಕಾರ ಹೊಸ ಡಾಟ್ 4 ದ್ರವ 230 ಡಿಗ್ರಿ ಸೆಂಟಿಗ್ರೇಡಿನವರೆಗಾದರೂ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕಡಿದಾದ ಏರಿನಲ್ಲಿ, ನಿಧಾನ ವೇಗದಲ್ಲಿ, ಕ್ಲಚ್ಚನ್ನು ಅರ್ಧ ಒತ್ತಿ ಗಂಟೆಗಟ್ಟಲೆ ಹೋಗುವಾಗ ಎಂಜಿನ್ನಿಗೆ ಅಂಟಿದ ಸಿಲಿಂಡರು ಚೆನ್ನಾಗಿ ಕಾಯುತ್ತದೆ. ಒಳಗಿನ ತೇವ ಆವಿಯಾದರೆ ಅದು ಗಾಳಿಯಂತೆಯೇ ಕುಗ್ಗುತ್ತದೆ. ಕಾದಾಗ ಸಾಯುವ, ಆರಿದಾಗ ಬದುಕುವ ಲಿವರಿನ ರಹಸ್ಯ ಇದು. ಎರಡು ವರ್ಷಕ್ಕೊಮ್ಮೆಯಾದರೂ ಈ ದ್ರವವನ್ನು ಬದಲಿಸಬೇಕು. ತೆರೆದಿಟ್ಟ ಹಳೆಯ ಸೀಸೆಯ ದ್ರವವನ್ನು ಉಳಿತಾಯವೆಂದು ತುಂಬಬಾರದು.

ಗಾಳಿ ತೆಗೆಯುವ ಬಗೆಯನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಬ್ರೇಕಿನಲ್ಲಿ ಮಾಡುವಂತೆ ಮೇಲಿನಿಂದ ಒತ್ತಿ ಕೆಳಗಿನಿಂದ ಬಿಡುವುದು ಇಲ್ಲಿ ಬಹಳ ಸಲ ಫಲಿಸದು. ಇಲ್ಲಿ ಸಾಗುವ ದ್ರವವೇ ಸ್ವಲ್ಪ. ಗುಳ್ಳೆ ಅರ್ಧ ದಾರಿ ಇಳಿದು ಮತ್ತೆ ಏರಿಬಿಡುತ್ತದೆ. ಗುಳ್ಳೆಗೆ ಮೇಲಕ್ಕೇರುವ ಸ್ವಭಾವವಿರುವಾಗ ಅದರ ಸ್ವಭಾವಕ್ಕೆ ಅನುಕೂಲವಾಗಿಯೇ ಹೋಗುವುದು ಜಾಣತನ. ಹ್ಯಾಂಡಲನ್ನು ತಿರುಗಿಸಿ ಮೇಲಿನ ಸಿಲಿಂಡರು ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ಮಾಡಿ. ಮುಚ್ಚಳ ತೆಗೆದು ಬಟ್ಟಲಿನ ದ್ರವವನ್ನು ಅರ್ಧಕ್ಕಿಂತ ಕಡಿಮೆ ಮಾಡಿ. ಇಂಜೆಕ್ಷನ್ನಿನ ದೊಡ್ಡ ಸಿರಿಂಜಿಗೆ ಸಣ್ಣ ಕೊಳವೆ ಸಿಕ್ಕಿಸಿ, ಗಾಳಿಯಿಲ್ಲದಂತೆ ಹೊಸ ದ್ರವ ತುಂಬಿ, ಕೊಳವೆಯನ್ನು ಬ್ಲೀಡರಿಗೆ ಹಾಕಿ, ತಿರುಪನ್ನು ತುಸು ಸಡಿಲಿಸಿ ಮೆಲ್ಲಗೆ ಕೆಳಗಿನಿಂದ ಮೇಲಕ್ಕೆ ತಳ್ಳಿ. ಬಟ್ಟಲಿನಲ್ಲಿ ಗುಳ್ಳೆಗಳು ಏಳುವುದು ಕಾಣುತ್ತದೆ. ಗುಳ್ಳೆ ನಿಂತ ಮೇಲೆ ಮೊದಲು ತಿರುಪನ್ನು ಬಿಗಿದು ಆಮೇಲೆ ಕೊಳವೆಯನ್ನು ತೆಗೆಯಬೇಕು. ಕೊನೆಯಲ್ಲಿ ಲಿವರನ್ನು ಬೆರಳ ತುದಿಯಿಂದ ಹತ್ತಾರು ಸಲ ಸ್ವಲ್ಪಸ್ವಲ್ಪವೇ ಆಡಿಸಿದರೆ ಮೂಲೆಯಲ್ಲಿ ಅಡಗಿದ ಗುಳ್ಳೆಯೂ ಹೊರಬರುತ್ತದೆ. ಬ್ರೇಕ್ ದ್ರವ ಬಣ್ಣವನ್ನು ತಿನ್ನುವಂಥದು. ಪೆಟ್ರೋಲ್ ಟ್ಯಾಂಕಿನ ಮೇಲೆ ಬಟ್ಟೆ ಹೊದೆಸಿಡಿ, ಚೆಲ್ಲಿದರೆ ಕೂಡಲೆ ನೀರು ಹಾಕಿ ತೊಳೆಯಿರಿ.

ಇಷ್ಟೆಲ್ಲ ಮನೆಯಲ್ಲಿ, ನೆರಳಿನಲ್ಲಿ ಕೂತು ಮಾಡುವ ಕೆಲಸವಾಯಿತು. ಊರಿನಿಂದ ದೂರ, ಮೆಕ್ಯಾನಿಕ್ಕು ಇಲ್ಲದ ಕಡೆ ಕ್ಲಚ್ಚು ಕೈಕೊಟ್ಟರೆ? 1978ರ ಡಿಸೆಂಬರಿನಲ್ಲಿ ಪ್ಯಾರಿಸಿನಿಂದ ಮೊದಲ ಸಲ ಹೊರಟ ಡಕಾರ್ ರ್‍ಯಾಲಿಯಲ್ಲಿ ಇಂದು ಮ್ಯಾರಥಾನ್ ಎಂದು ಕರೆಯುವ ಘಟ್ಟಗಳಿವೆ. ಆ ಘಟ್ಟದ ರಾತ್ರಿ ಸವಾರರಿಗೆ ತಮ್ಮ ತಂಡದ ಮೆಕ್ಯಾನಿಕ್ಕುಗಳ ಸಹಾಯ ದೊರೆಯುವುದಿಲ್ಲ. ಇದ್ದ ಸಾಮಾನಿನಲ್ಲಿ ತಾವೇ ವಾಹನವನ್ನು ಸರಿಪಡಿಸಿಕೊಳ್ಳಬೇಕು. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಈ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಅಂಥ ಪಂದ್ಯಗಳಲ್ಲಿ ವೇಗದಷ್ಟೇ ಬೆಲೆ ವಾಹನದ ಒಳಮರ್ಮ ತಿಳಿದಿರುವುದಕ್ಕೂ ಇದೆ.

ನಮ್ಮಂಥವರಿಗೂ ಆ ಪಾಠ ಸಲ್ಲುತ್ತದೆ. ಸೋರಿಕೆ ನಿಧಾನವಾಗಿದ್ದರೆ ಸರಿಯಾದ ಜಾತಿಯ ದ್ರವವನ್ನು ಬಟ್ಟಲಿಗೆ ಸೇರಿಸುತ್ತ, ಪ್ರತಿ ಸಲವೂ ಲಿವರನ್ನು ಎರಡು ಮೂರು ಬಾರಿ ಒತ್ತಿ ಬಳಸುತ್ತ ಊರು ಸೇರಬಹುದು. ಲಿವರು ಪೂರ್ತಿ ಸತ್ತಿದ್ದರೆ ಎಂಜಿನ್ನನ್ನು ನ್ಯೂಟ್ರಲ್ಲಿನಲ್ಲಿ ಚಾಲೂ ಮಾಡಿ, ವಾಹನವನ್ನು ಇಳಿಜಾರಿನಲ್ಲಿ ಉರುಳಲು ಬಿಟ್ಟು, ಎಂಜಿನ್ನು ಮೆಲ್ಲಗೆ ತಿರುಗುತ್ತಿರುವಾಗಲೇ ಗೇರಿಗೆ ಹಾಕಬೇಕು. ಒಂದು ಎಳೆತ ಬರುತ್ತದೆ, ಅದಕ್ಕೆ ಸಿದ್ಧರಾಗಿರಬೇಕು. ಮುಂದಿನ ಗೇರಿಗೆ ಹೋಗುವಾಗ ಪೆಡಲಿನ ಮೇಲೆ ಕಾಲನ್ನು ಹಗುರವಾಗಿ ಒತ್ತಿಟ್ಟು ಆಕ್ಸಿಲರೇಟರನ್ನು ಒಂದು ಕ್ಷಣ ಬಿಟ್ಟರೆ ಗೇರು ತಾನೇ ಸೇರುತ್ತದೆ. ನಿಲ್ಲುವ ಮೊದಲೇ, ಉರುಳುತ್ತಿರುವಾಗಲೇ ನ್ಯೂಟ್ರಲ್ಲಿಗೆ ತರಬೇಕು. ಇದು ಬರಿದಾದ ದಾರಿಯಲ್ಲಿ ಮಾಡುವ ಉಪಾಯವೇ ಹೊರತು ಜನಸಂದಣಿಯ ಪೇಟೆಯಲ್ಲಲ್ಲ. ದೂರ ಹೊರಡುವವರು ತಮ್ಮ ವಾಹನಕ್ಕೆ ತಕ್ಕ ದ್ರವದ ಒಂದು ಸಣ್ಣ ಸೀಸೆ, ಕೊಳವೆಯ ಸಮೇತ ಒಂದು ಸಿರಿಂಜು, ಕೆಳಗಿನ ಸಿಲಿಂಡರಿನ ಒಂದು ಸೀಲು ಇಷ್ಟನ್ನು ಒಂದು ಚೀಲದಲ್ಲಿಟ್ಟುಕೊಂಡರೆ ಸಾಕು. ಇವೆಲ್ಲ ಒಂದು ಅಂಗೈಯಲ್ಲಿ ಹಿಡಿಸುತ್ತವೆ.

ಯಂತ್ರ ಸುಳ್ಳು ಹೇಳುವುದಿಲ್ಲ. ಲಿವರು ಮೆತ್ತಗಾಗುವುದು, ಕುಸಿಯುವುದು, ಕಾದಾಗ ಸಾಯುವುದು, ಬಟ್ಟಲು ಏರುವುದು, ಇಳಿಯುವುದು ಎಲ್ಲವೂ ಅದು ಆಡುವ ಮಾತುಗಳೇ. ಆ ಮಾತನ್ನು ಮೊದಲು ಕೇಳಿ, ಆಮೇಲೆ ಬಿಚ್ಚುವವನಿಗೆ ಕೆಲಸ ಹಗುರ, ಖರ್ಚು ಕಡಿಮೆ. ಕೇಳದೆ ಬಿಚ್ಚುವವನಿಗೆ ಎರಡೂ ಭಾರ. ಮುಂದಿನ ಸಲ ಬೆಟ್ಟದ ದಾರಿ ಹಿಡಿಯುವ ಮುನ್ನ ಎಡಗೈಯ ಆ ಬಟ್ಟಲನ್ನು ಒಮ್ಮೆ ನೋಡಿ, ಅದರ ಮುಚ್ಚಳದ ಮೇಲಿನ ಅಕ್ಷರಗಳನ್ನು ಓದಿ, ಲಿವರನ್ನು ನಾಲ್ಕು ಸಲ ಒತ್ತಿ ನೋಡಿ ಹೊರಡಿ. ಎರಡು ನಿಮಿಷದ ಕೆಲಸ.